ಕಾಗೆಗೆ ಹಾಕದ ತುತ್ತು

ಮಹಡಿಗೆ ಬಟ್ಟೆ ಒಣಹಾಕಲು ಹೋಗುವಾಗ ತಲೆಯ ಮೇಲೆ ಮೊರ ಹಿಡಿದುಕೊಂಡು ಹೋಗುತ್ತಿದ್ದ ಕಾಲವೊಂದಿತ್ತು. ನಂಜನಗೂಡಿನ ನಮ್ಮ ಬೀದಿಯವರಿಗೆ ಅದೊಂದು ತಮಾಷೆ. ಎದುರು ಮನೆಯಾಕೆ ಜಗಲಿಯಿಂದಲೇ, "ಏನ್ರೀ, ಬಿಸಿಲಿಗೆ ಛತ್ರಿ ಸಿಗಲಿಲ್ವಾ?" ಎಂದು ಕೂಗುತ್ತಿದ್ದರು. ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಮೊರ ಯಾಕೆಂದು ಮನೆಯವರಿಗೂ ಪೂರ್ತಿ ಹೇಳಿರಲಿಲ್ಲ. ಈಗ ಅತ್ತೆ ಇಲ್ಲ. ಇನ್ನು ಹೇಳಬಹುದು ಅನಿಸುತ್ತದೆ.

ತೊಂಬತ್ತರ ದಶಕದ ನಡುವೆ ನಮ್ಮ ಮಾವ ಹೋದರು. ಲಕ್ವ ಹೊಡೆದು ಏಳು ತಿಂಗಳು ಮಲಗಿದ್ದರು. ಕಾಲು ಸ್ವಾಧೀನದಲ್ಲಿರಲಿಲ್ಲ, ನಾಲಿಗೆ ಮಾತ್ರ ಇತ್ತು. ದಿನಾ ಮಧ್ಯಾಹ್ನ ಊಟಕ್ಕೆ ಮುಂಚೆ ಗಂಟಲು ಕೆರೆದುಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಹಸಕ್ಕೆ ನೀರು ಕುಡಿಸಿದ್ರಾ?" ಅವರು ಕರುವಿನಿಂದ ಸಾಕಿದ್ದ ಕಂದು ಹಸು ಅದು, ಹಾಲು ಬತ್ತಿ ಎರಡು ವರ್ಷವಾಗಿತ್ತು. ಮಾವ ಮಲಗಿದ ಮೇಲೆ ನೋಡಿಕೊಳ್ಳುವವರಿಲ್ಲವೆಂದು ಅತ್ತೆ ಅದನ್ನು ತಮ್ಮ ತವರು ತಗಡೂರಿಗೆ ಕಳಿಸಿದ್ದರು. "ತಗಡೂರಲ್ಲಿ ಅದೆ ಕಣ್ರೀ, ನಮ್ಮಣ್ಣನ ಮನೇಲಿ. ಮೇವು ಸೊಗಸಾಗಿ ಅದೆ," ಎಂದು ಅತ್ತೆ ಹೇಳುವರು. ಮಾವ ಕಣ್ಣು ಮುಚ್ಚಿಕೊಳ್ಳುವರು. ಮರುದಿನ ಅದೇ ಗಂಟಲು, ಅದೇ ಪ್ರಶ್ನೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ತಿರುಮಕೂಡಲು ನರಸೀಪುರಕ್ಕೆ ಹೋದೆವು. ಕಪಿಲೆ ಬಂದು ಕಾವೇರಿಯನ್ನು ಸೇರುವ ಕಡೆ, ನೀರಿನ ಮೇಲಿನ ಮೆಟ್ಟಿಲಲ್ಲಿ ಬಾಳೆಯೆಲೆ ಹಾಸಿ ಕೂಳಿಟ್ಟರು. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟದಿದ್ದರೆ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು ಮಾತು ಕೊಡಬೇಕು.

ನಮ್ಮ ಯಜಮಾನರು ಕೈ ಮುಗಿದು, "ಮನೆ ಪಾಲು ಮಾಡಲ್ಲ ಕಣಪ್ಪ, ಮುಟ್ಟು," ಎಂದರು. ಮೈದುನ, "ಇಸ್ಪೀಟು ಬಿಡ್ತೀನಿ," ಎಂದ. ಬನ್ನೂರಿನಿಂದ ಬಂದಿದ್ದ ನಾದಿನಿ ಅಮ್ಮನನ್ನು ವರ್ಷಕ್ಕೆ ನಾಲ್ಕು ಸಲ ಬಂದು ನೋಡುತ್ತೇನೆಂದಳು. ಯಾರೋ ನೆಂಟರು, "ಎಲೆ ಪಕ್ಕ ಒಂದು ಬೀಡಿ ಇಡ್ರಲಾ, ಅದ್ಕೇ ಕಾಯ್ತಾವ್ನೆ," ಎಂದರು. ಬೀಡಿಯನ್ನೂ ಇಟ್ಟಾಯಿತು. ಅರಳಿಮರದಲ್ಲಿ ಹದಿನೈದಿಪ್ಪತ್ತು ಕಾಗೆಗಳು ಕುಳಿತಿದ್ದವು. ಒಂದೂ ಕೂಗಲಿಲ್ಲ. ಕತ್ತು ಓರೆ ಮಾಡಿ, ಒಂದೊಂದೇ ಕಣ್ಣಿನಿಂದ ನಮ್ಮನ್ನು ನೋಡುತ್ತಿದ್ದವು. ಹೊತ್ತು ನೆತ್ತಿಗೆ ಬಂದಾಗ ಪುರೋಹಿತರು ದರ್ಭೆಯಲ್ಲಿ ಒಂದು ಕಾಗೆ ಮಾಡಿ ಕೂಳಿಗೆ ಮುಟ್ಟಿಸಿ, "ಆಯ್ತು, ಏಳಿ," ಎಂದರು.

ಅತ್ತೆ ಏಳಲಿಲ್ಲ. "ಉಲ್ಲಿನ ಕಾಗೆ ತಿಂದ್ರೆ ನಿಮ್ಮಪ್ಪನ ಒಟ್ಟೆ ತುಂಬ್ತದಾ?" ಎಂದು ಮಗನನ್ನು ಕೇಳಿದರು.

ಅಂದಿನಿಂದ ಅವರು ಕಾಫಿ ಬಿಟ್ಟರು, ರಾತ್ರಿಯ ಊಟ ಬಿಟ್ಟರು. ಕಾಗೆ ಮುಟ್ಟಿದ ದಿನ ಕುಡಿಯುತ್ತೇನೆ ಎಂದರು. ದಿನಾ ಮಧ್ಯಾಹ್ನ ಹಿತ್ತಲ ಗೋಡೆಯ ಮೇಲೆ ಒಂದು ಹಿಡಿ ಅನ್ನ ಇಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದರು. ಪಕ್ಕದ ಮನೆಯ ಗೋಡೆಗೆ ಕಾಗೆಗಳು ಬರುತ್ತಿದ್ದವು, ಅದರಾಚೆಯ ತೆಂಗಿಗೆ ಬರುತ್ತಿದ್ದವು. ನಮ್ಮ ಗೋಡೆಗೆ ಬರುತ್ತಿರಲಿಲ್ಲ. ಎರಡು ಗೋಡೆ ಕೂಡುವ ಮೂಲೆಯವರೆಗೆ ಕುಪ್ಪಳಿಸಿಕೊಂಡು ಬಂದು, ಅಲ್ಲಿ ನಿಂತು, ತಿರುಗಿ ಹೋಗುತ್ತಿದ್ದವು. ಗೀಟು ಎಳೆದ ಹಾಗೆ. ಅನ್ನ ಒಣಗಿ ಅಕ್ಕಿಯಂತಾಗುತ್ತಿತ್ತು. ಬೆಳಿಗ್ಗೆ ಅದನ್ನು ಗುಡಿಸುವುದು ನನ್ನ ಕೆಲಸ. ಆರು ತಿಂಗಳಲ್ಲಿ ಅತ್ತೆಯ ಕೈಯಲ್ಲಿ ಉಳಿದಿದ್ದ ಒಂದೇ ಚಿನ್ನದ ಬಳೆ ಮೊಣಕೈವರೆಗೆ ಜಾರತೊಡಗಿತು. ಡಾಕ್ಟರು ರಕ್ತ, ಮೂತ್ರ ಎಲ್ಲ ನೋಡಿ, "ಊಟ ಮಾಡಿಸಿ, ಅದೇ ಔಷಧಿ," ಎಂದರು. ಅದೊಂದೇ ಔಷಧಿ ನಮ್ಮ ಕೈಯಲ್ಲಿರಲಿಲ್ಲ.

ಆಗಲೇ ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದವಳು ಆಕೆ. ದೂರದ ದೇಶದವಳು, ಯೋಗ ಕಲಿಯಲೆಂದು ಮೈಸೂರಿಗೆ ಬಂದಿದ್ದಳಂತೆ. ದೇವಸ್ಥಾನ ನೋಡಲು ನಂಜನಗೂಡಿಗೆ ಬಂದವಳು ಸ್ನಾನಘಟ್ಟದ ಹತ್ತಿರ ಕಿವಿಯಲ್ಲಿ ಹುಳ ಬಿದ್ದ ನಾಯಿಯೊಂದನ್ನು ಕಂಡು, ಯೋಗ ಬಿಟ್ಟು ಇಲ್ಲೇ ನಿಂತುಬಿಟ್ಟಳು. ಸಂಬಳವಿಲ್ಲ, ಯಾರೂ ಕರೆದದ್ದಿಲ್ಲ. ನಿವೃತ್ತರಾದ ಪಶುವೈದ್ಯರೊಬ್ಬರು ಜೊತೆಗಿದ್ದರು, ಅಷ್ಟೇ. ಸೈಕಲ್ಲಿಗೆ ಚೀಲ ನೇತುಹಾಕಿಕೊಂಡು ಬೀದಿ ಬೀದಿ ಸುತ್ತುವಳು. ಸಂಜೆ ಆಕೆ ಮೆಟ್ಟಿಲು ಹತ್ತಿದರೆ ಹುಣ್ಣಿನ ಹುಳಕ್ಕೆ ಹಾಕುವ ಟರ್ಪಂಟೈನ್ ವಾಸನೆ ಮೊದಲು ಹತ್ತುತ್ತಿತ್ತು. ಬೀದಿಯವರು 'ನಾಯಿ ಮೇಡಂ' ಎಂದರು. ಅತ್ತೆ 'ನಾಯಮ್ಮ' ಎಂದರು.

"ನಿಮ್ಮೂರಲ್ಲಿ ನಾಯಿ ಇರ್ಲಿಲ್ವಾ ತಾಯಿ? ಇಲ್ಲೀಗಂಟ ಬಂದಿದ್ದೀಯಲ್ಲ," ಎಂದು ಅತ್ತೆ ಒಮ್ಮೆ ಕೇಳಿದರು.

"ಅಲ್ಲಿ ನಾಯಿ ಮನೆ ಒಳಗೆ, ಅಮ್ಮ. ಬೀದಿ ಖಾಲಿ."

"ಅಯ್ಯೋ ಪಾಪ. ಬೀದಿ ಕಾಯೋರೇ ಇಲ್ವಾ ಅಂಗಾದ್ರೆ?"

ಆಷಾಢದಲ್ಲಿ ಗಾಳಿಪಟದ ಕಾಲ. ಗಾಜಿನ ಪುಡಿ ಮೆತ್ತಿದ ದಾರ ತಂತಿ, ಮರ ಎಲ್ಲ ಕಡೆ ಸಿಕ್ಕಿಕೊಂಡಿರುತ್ತಿತ್ತು. ಒಂದು ದಿನ ಆಕೆ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಕಾಗೆ ತಂದಳು. ಎಡರೆಕ್ಕೆಯನ್ನು ದಾರ ಮೂಳೆಯವರೆಗೆ ಕೊಯ್ದಿತ್ತು. ಯಜಮಾನರು, "ಶನಿಯ ವಾಹನ ಮನೆಯೊಳಗೆ ಬೇಡ," ಎಂದರು. ಆಕೆ, "ಒಳಗೆ ಅಲ್ಲ. ಮೇಲೆ," ಎಂದು ಹತ್ತಿಹೋದಳು. ನನ್ನ ಹಳೇ ವಾಯಿಲ್ ಸೀರೆ ಹರಿದು ಪಟ್ಟಿ ಮಾಡಿಕೊಟ್ಟೆ. ಆಕೆ ರೆಕ್ಕೆಯನ್ನು ಮೈಗೆ ಸೇರಿಸಿ ಕಟ್ಟಿದಳು. ಮಹಡಿಯ ತಗಡಿನ ಚಾವಣಿಯ ಕೆಳಗೆ, ಕೋಳಿ ಮುಚ್ಚುವ ಬಿದಿರು ಬುಟ್ಟಿಯಲ್ಲಿ ಅದರ ವಾಸ.

ಹಗಲೆಲ್ಲ ಆಕೆ ಹೊರಗಿರುತ್ತಿದ್ದಳು. ಹಾಗಾಗಿ ಕಾಗೆ ನನ್ನ ಪಾಲಿಗೆ ಬಂತು. ದಿನಕ್ಕೆ ಮೂರು ಹೊತ್ತು: ನೆನೆಸಿದ ಕಡಲೆ, ಬೇಯಿಸಿದ ಮೊಟ್ಟೆಯ ಹಳದಿ, ಉಪ್ಪಿಲ್ಲದ ಮುದ್ದೆಯ ಚೂರು. ಗೋಡೆಗೆ ಒಂದು ಸ್ಲೇಟು ನೇತುಹಾಕಿ, ಹಾಕಿದಾಗಲೆಲ್ಲ ಬಳಪದಿಂದ ಒಂದು ಗೀಟು ಎಳೆಯಬೇಕು ಎಂದು ಹೇಳಿಕೊಟ್ಟಳು. ಭಾನುವಾರ ಕಾಗೆಯನ್ನು ಬಟ್ಟೆಚೀಲದಲ್ಲಿ ಹಾಕಿ ತೂಗುತಕ್ಕಡಿಗೆ ಸಿಕ್ಕಿಸಿ ನೋಡುವಳು. ನಾನು ಪ್ರಾಣಿಪ್ರಿಯಳೇನಲ್ಲ. ಆದರೆ ಹೊತ್ತಿಗೆ ಸರಿಯಾಗಿ ಹಾಕುವುದೆಂದರೆ ನನಗೆ ಬರುತ್ತದೆ. ಎರಡು ವಾರದಲ್ಲಿ ನನ್ನ ಹೆಜ್ಜೆ ಸದ್ದಿಗೆ ಅದು ಬುಟ್ಟಿಯ ಅಂಚಿಗೆ ಬಂದು ನಿಲ್ಲತೊಡಗಿತು. ಮಧ್ಯಾಹ್ನ ಊಟದ ಹೊತ್ತಿಗೆ ಅದು ಕೂಗುತ್ತಿರಲಿಲ್ಲ, ಗಂಟಲಲ್ಲೇ 'ಕರ್ರ್' ಎನ್ನುತ್ತಿತ್ತು. ಕೆಳಗೆ ತಟ್ಟೆಯ ಮುಂದೆ ಕುಳಿತಿದ್ದ ಅತ್ತೆ ಅದನ್ನು ಮೊದಲ ಸಲ ಕೇಳಿದಾಗ ಅವರ ಕೈ ಹಾಗೇ ನಿಂತಿತು. ನಾನು ಸೂರು ನೋಡಿದೆ. ಮಾವ ಗಂಟಲು ಕೆರೆದುಕೊಳ್ಳುತ್ತಿದ್ದುದು ಥೇಟ್ ಹಾಗೇ.

ಬೀದಿಯಲ್ಲಿ ಸುದ್ದಿ ನಿಲ್ಲುತ್ತದೆಯೇ? ಒಂದು ಬೆಳಿಗ್ಗೆ ಹುಲ್ಲಹಳ್ಳಿಯಿಂದ ಬಂದವರೊಬ್ಬರು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಮುಚ್ಚಿದ ಪಾತ್ರೆ. "ತಾಯಿ ತಿಥಿ ಕಣಮ್ಮ. ಬೆಳಗ್ಗಿಂದ ಕಾದ್ವಿ, ಒಂದು ಕಾಗೆ ಬರ್ನಿಲ್ಲ. ನಿಮ್ಮನೇಲಿ ಅದಂತಲ್ಲ..." ಎಂದರು. ಬೇಡವೆನ್ನಲು ಬಾಯಿ ಬರಲಿಲ್ಲ. ಮೇಲೆ ಕರೆದುಕೊಂಡು ಹೋದೆ. ಅವರು ಎಲೆಯ ಮೇಲೆ ಬಡಿಸಿ ಹಿಂದೆ ಸರಿದರು. ಕಾಗೆ ಬುಟ್ಟಿಯಿಂದ ಇಳಿದು, ಅವರ ಮುಖವನ್ನು ಒಂದು ಕಣ್ಣಿನಿಂದ ನೋಡಿ, ವಡೆ ಎತ್ತಿಕೊಂಡಿತು. ಅಷ್ಟು ದೊಡ್ಡ ಮನುಷ್ಯ ನಮ್ಮ ಮಹಡಿಯಲ್ಲಿ ಮಗುವಿನ ಹಾಗೆ ಅತ್ತರು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ನಾಯಿ ಮೇಡಂಗೆ ತಿಳಿದಾಗ ಮೊದಲು ಸಿಟ್ಟು ಬಂತು. "ಉಪ್ಪು, ಎಣ್ಣೆ! ಕಾಗೆ ದೇವಸ್ಥಾನ ಅಲ್ಲ, ಅಕ್ಕ. ಪೇಶೆಂಟ್," ಎಂದಳು. ಕೊನೆಗೆ ಒಂದು ತುತ್ತು ಮಾತ್ರ ಎಂದು ಒಪ್ಪಿಕೊಂಡಳು. ಇಷ್ಟರಲ್ಲಿ ನನಗೊಂದು ವಿಷಯ ಗೊತ್ತಾಗಿತ್ತು. ನಾನು ಬೆಳಗಿನ ಕಡಲೆ ಹಾಕಿದ್ದ ದಿನ ಕಾಗೆ ಎಲೆಯ ಸುತ್ತ ಸುಮ್ಮನೆ ಸುಳಿಯುತ್ತಿತ್ತು, ಬಂದವರ ಮುಖ ಬಾಡುತ್ತಿತ್ತು. ಹಾಕದ ದಿನ ತಕ್ಷಣ ತಿನ್ನುತ್ತಿತ್ತು. ಮೊದಲೆರಡು ಸಲ ಅದು ಆಕಸ್ಮಿಕ. ಮೂರನೆಯ ಸಲ ನಾನೇ ಹಾಕಲಿಲ್ಲ. ಸ್ಲೇಟಿನ ಮೇಲೆ ಗೀಟು ಮಾತ್ರ ಎಳೆದೆ. ನಮ್ಮಲ್ಲಿ ಎಡೆಯಿಡುವ ದಿನ ಕಾಗೆ ಮುಟ್ಟುವವರೆಗೂ ಮನೆಯವರು ಬಾಯಿಗೆ ಹನಿ ನೀರು ಹಾಕುವುದಿಲ್ಲ. ಎಲ್ಲರೂ ಉಪವಾಸವಿರುವಾಗ ಕಾಗೆ ಒಂದು ಹೊತ್ತು ಇದ್ದರೆ ತಪ್ಪೇನು ಅಂದುಕೊಂಡೆ. ಯಾರಿಗೂ ಕೇಡಿಲ್ಲ, ಅಳುತ್ತ ಬಂದವರು ಹಗುರಾಗಿ ಹೋಗುತ್ತಾರೆ.

ಅತ್ತೆ ಮಾತ್ರ ಮೇಲೆ ಬರಲೇ ಇಲ್ಲ. "ಎಲ್ಲಾರ್ಗೂ ತಿಂದು ನಮಗೆ ತಿನ್ನದೆ ಓದ್ರೆ?" ಎನ್ನುವರು. ಮಾವನ ವರ್ಷದ ತಿಥಿ ಹತ್ತಿರ ಬಂತು. ಆ ಹೊತ್ತಿಗೆ ಅವರು ಗೋಡೆ ಹಿಡಿದು ನಡೆಯುತ್ತಿದ್ದರು. ಯಜಮಾನರು ಅಡುಗೆಮನೆಗೆ ಬಂದು ಮೆಲ್ಲಗೆ, "ಈ ಸಲವೂ ಮುಟ್ಟದಿದ್ದರೆ ಅಮ್ಮ ಉಳಿಯಲ್ಲ ಕಣೆ," ಎಂದರು. ತಿಥಿಯ ಹಿಂದಿನ ಸಂಜೆ ಅತ್ತೆ ತಾವಾಗಿ, "ನಾಳೆ ಮ್ಯಾಕೆ ಕರ್ಕೊಂಡೋಗು ಮಗ," ಎಂದರು.

ನಾಯಿ ಮೇಡಂ ಎರಡು ದಿನ ನರಸೀಪುರದಲ್ಲಿದ್ದಳು, ನಾಯಿಗಳಿಗೆ ಹುಚ್ಚಿನ ಚುಚ್ಚುಮದ್ದು ಹಾಕುವ ಕ್ಯಾಂಪಿಗೆ. ನೋಡುವವರಿರಲಿಲ್ಲ. ಅಂದು ಸಂಜೆಯಿಂದಲೇ ನಾನು ಕಾಗೆಗೆ ಏನೂ ಹಾಕಲಿಲ್ಲ. ಬೆಳಿಗ್ಗೆಯೂ ಹಾಕಲಿಲ್ಲ. ನೀರಿನ ಬಟ್ಟಲನ್ನೂ ತೆಗೆದೆ. ನಾನು ಬರಿಗೈಯಲ್ಲಿ ಹೋದಾಗ ಅದು ಕೊಕ್ಕು ತೆರೆದು ನನ್ನ ಕೈ ನೋಡಿತು, ಆಮೇಲೆ ಮುಖ ನೋಡಿತು. ಬಹಳ ಹೊತ್ತು ನೋಡಿತು. ನಾನು ಸ್ಲೇಟಿನ ಕಡೆ ತಿರುಗಿ ಗೀಟು ಎಳೆದೆ.

ಮಧ್ಯಾಹ್ನ ಅತ್ತೆಯನ್ನು ಎತ್ತಿಕೊಂಡಂತೆ ಮೇಲೆ ಕರೆತಂದೆವು. ಮುದ್ದೆ, ಅವರೆಕಾಳಿನ ಸಾರು, ಪಾಯಸ, ರಸಬಾಳೆ. ಬಡಿಸಿ ಹಿಂದೆ ಸರಿದೆವು. ಕಾಗೆ ಇಳಿದು ಬಂತು. ಎಲೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಅಲ್ಲೇ ನಿಂತಿತು. ಹಿತ್ತಲ ಗೋಡೆಯ ಮೂಲೆಯಲ್ಲಿ ಉಳಿದ ಕಾಗೆಗಳು ನಿಲ್ಲುತ್ತಿದ್ದ ಹಾಗೇ. ಒಂದು ದಿನ ಒಂದು ಅಗುಳು ಕಾಣದ ಕಾಗೆ! ಯಜಮಾನರು ಪಾಲಿನ ಮಾತು ಹೇಳಿದರು. ಮೈದುನ ಇಸ್ಪೀಟಿನ ಮಾತು ಹೇಳಿದ. "ಓದ ವರ್ಸಾನೂ ಇದೇ ಅಂದೆ ಕಣ್ಲಾ," ಎಂದು ನೆಂಟರೊಬ್ಬರು ನಕ್ಕರು. ಯಾರೂ ಜೊತೆಗೆ ನಗಲಿಲ್ಲ. ಕಾಗೆ ಗಂಟಲಲ್ಲಿ 'ಕರ್ರ್' ಎಂದಿತು.

ಅತ್ತೆ ಹಿಡಿದಿದ್ದ ಚಾವಣಿಯ ಕಂಬ ಬಿಟ್ಟು ನೆಲದ ಮೇಲೆ ಕುಳಿತರು. "ನೀವೆಲ್ಲ ಸುಮ್ಕಿರಿ. ಅವ್ರು ಕೇಳ್ತಿರಾದು ನನ್ನ," ಎಂದರು. ಆಮೇಲೆ ಕಾಗೆಗೆ ಹೇಳಿದರು: "ತಗಡೂರ್ಗೆ ಕಳಿಸ್ನಿಲ್ಲ ಕಣ್ರೀ. ಸಂತೆ ದಲ್ಲಾಳಿ ಬಂದಿದ್ದ. ಅಗ್ಗ ಬಿಚ್ಚಿ ನಾನೇ ಕೊಟ್ಟೆ. ಬಾಗ್ಲು ದಾಟ್ದೆ ನಿಂತಿತ್ತು ಅದು. ಕೋಲಲ್ಲಿ ನಾನೇ ವಡ್ದೆ. ನೀರೂ ಕುಡಿಸ್ನಿಲ್ಲ." ಹೇಳಿ ಮುಗಿಸಿ ಮಂಡಿಗೆ ತಲೆಯಿಟ್ಟುಕೊಂಡರು.

ಕಾಗೆ ಕುಪ್ಪಳಿಸಿ ಎಲೆಯ ಮೇಲೆ ಹತ್ತಿ, ಅತ್ತೆಗೆ ಹತ್ತಿರವಿದ್ದ ಕಡೆಯಿಂದಲೇ ಮುದ್ದೆ ತಿನ್ನತೊಡಗಿತು.

"ಮುಟ್ತು!" ಎಂದು ಮೈದುನ ಕೂಗಿದ. ಅತ್ತೆ ತಲೆಯೆತ್ತಿ ನೋಡಿದರು. ಸಂಜೆ ಒಂದು ಲೋಟ ಕಾಫಿ ಕೇಳಿದರು. ಸಕ್ಕರೆ ಸಾಲದು ಎಂದು ಬೈದರು. ನಾನು ಒಲೆಯ ಮುಂದೆ ನಿಂತು ಕಣ್ಣೀರು ಹಾಕಿದೆ. ಸಂತೋಷಕ್ಕೋ ಭಯಕ್ಕೋ, ಇವತ್ತಿಗೂ ತಿಳಿಯದು.

ನಾಯಿ ಮೇಡಂ ಮರಳಿ ಬಂದ ಮೇಲೆ ಎಲ್ಲ ಹೇಳಿದೆ, ಉಪವಾಸ ಒಂದನ್ನು ಬಿಟ್ಟು. "ಜನ ನೋಡ್ತಾ ಇದ್ರೆ ಕಾಗೆಗೆ ಹೆದರಿಕೆ. ಅಮ್ಮ ತಲೆ ಕೆಳಗೆ ಮಾಡಿದ್ರು, ಆಗ ತಿಂತು," ಎಂದಳು. ಇರಬಹುದು. ಆದರೆ ಅವತ್ತು ಉಳಿದ ನಾವೆಲ್ಲ ನೋಡುತ್ತಲೇ ಇದ್ದೆವು. ಆಕೆ ಕಾಗೆಯನ್ನು ಚೀಲಕ್ಕೆ ಹಾಕಿ ತಕ್ಕಡಿಗೆ ಸಿಕ್ಕಿಸಿದಳು. ಮುಳ್ಳು ನೋಡಿದಳು, ಸ್ಲೇಟು ನೋಡಿದಳು.

"ಅಕ್ಕ, ಸ್ಲೇಟ್ ಹೇಳ್ತದೆ, ತಿಂತು. ತಕ್ಕಡಿ ಹೇಳ್ತದೆ, ಇಲ್ಲ. ಯಾರು ಸುಳ್ಳು?"

"ತಕ್ಕಡಿ ಹಳೇದಲ್ವಾ?" ಎಂದೆ.

ಮರುದಿನದಿಂದ ಕಡಲೆ ಡಬ್ಬಿ ಆಕೆಯ ಕೋಣೆಯೊಳಗಿತ್ತು. ಎಡೆ ತಂದವರನ್ನು ಬಾಗಿಲಲ್ಲೇ ಕೈಮುಗಿದು ಕಳಿಸಿದಳು. ಸ್ಲೇಟನ್ನು ಯಾರು ತೆಗೆದರೋ ಗೊತ್ತಿಲ್ಲ, ಮೊಳೆ ಮಾತ್ರ ಉಳಿದಿತ್ತು.

ನವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಗೆಯನ್ನು ಬಿಟ್ಟಳು. ರೆಕ್ಕೆ ಕೂಡಿತ್ತು, ಆದರೆ ತುದಿಯ ಗರಿ ಒಂದು ಹೊರಗೆ ಬಾಗಿ ನಿಂತಿತ್ತು. ಅದು ತಗಡಿನ ಮೇಲೆ ನಾಲ್ಕು ಹೆಜ್ಜೆ ನಡೆದು, ಪಕ್ಕದ ಮನೆಯ ತೆಂಗಿಗೆ ಹಾರಿತು. ನಾವಿಬ್ಬರೂ ನೋಡುತ್ತ ನಿಂತಿದ್ದೆವು. ಅದು ತಿರುಗಿ, ನೇರವಾಗಿ ನನ್ನ ಕಡೆ ಇಳಿದು ಬಂದು ನೆತ್ತಿಗೆ ಕುಕ್ಕಿ ಹೋಯಿತು. ಆಕೆಯನ್ನು ಮುಟ್ಟಲಿಲ್ಲ. ಆಕೆ ನನ್ನ ತಲೆಗೆ ಟಿಂಚರ್ ಹಚ್ಚುತ್ತ, "ಕಾಗೆ ಮುಖ ಮರೆಯಲ್ಲ, ಅಕ್ಕ. ಬೇರೆ ಕಾಗೆಗೂ ಹೇಳಿಕೊಡತ್ತೆ, ಮಕ್ಕಳಿಗೂ," ಎಂದಳು. ಅಂದರೆ ಅವಳಿಗೆ ಗೊತ್ತಿತ್ತು. ವೀಸಾ ಮುಗಿದು ಸಂಕ್ರಾಂತಿಯ ಹೊತ್ತಿಗೆ ಊರಿಗೆ ಹೊರಟಾಗ ಅತ್ತೆಗೆ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನನ್ನನ್ನು ತಬ್ಬಿಕೊಂಡು, "ಅಮ್ಮಗೆ ಹೇಳಿ," ಎಂದಳು, ಅಷ್ಟೇ.

ಹೇಳಲಿಲ್ಲ. ಹೇಗೆ ಹೇಳಲಿ? ಅತ್ತೆ ಮೈ ತುಂಬಿಕೊಂಡಿದ್ದರು. ಬೀದಿಯಲ್ಲಿ ಮುದಿ ಹಸು ಕಂಡರೆ ಬಕೆಟ್ಟು ಹಿಡಿದು ನೀರು ಕುಡಿಸಲು ಓಡುತ್ತಿದ್ದರು. ಆ ಒಂದು ತುತ್ತಿನ ನಂಬಿಕೆಯ ಮೇಲೆ ಅವರ ಪ್ರಾಣ ನಿಂತಿತ್ತು. ನನ್ನ ತಲೆಗೆ ಮಾತ್ರ ಮೊರ ಬಂತು. ಮೊದಲು ಒಂದೇ ಕಾಗೆ, ಬಾಗಿದ ಗರಿಯದು. ಮುಂದಿನ ವರ್ಷ ಮೂರು. ಆಮೇಲೆ ಬೀದಿಯ ಕಾಗೆಗಳೆಲ್ಲ. ಅದೇ ಮಹಡಿಗೆ ನಾದಿನಿ ಹೋದರೆ ಏನೂ ಇಲ್ಲ. ನಾನು ಹೋದರೆ ಕಪ್ಪಗೆ ಎದ್ದು ಬರುತ್ತಿದ್ದವು. ಅತ್ತೆ ನಗುತ್ತ, "ನಿನ್ ಕೈ ಕೂಳು ತಿಂದವಲ್ಲ, ಸಲಿಗೆ," ಎನ್ನುವರು. ಶನಿವಾರ ಎಳ್ಳೆಣ್ಣೆ ದೀಪ ಹಚ್ಚು ಎಂದು ಬೀದಿಯವರು ಹೇಳಿದರು. ಹಚ್ಚಿದೆ.

ಹತ್ತು ವರ್ಷದ ಮೇಲೆ, ಎರಡು ಸಾವಿರದ ಇಸವಿ ದಾಟಿ ಎಷ್ಟೋ ಆದ ಮೇಲೆ, ಅತ್ತೆ ಹೋದರು. ನಾಲ್ಕು ದಿನ ಜ್ವರ, ಅಷ್ಟೇ. ಕೊನೆಯ ಹಿಂದಿನ ದಿನ ನನ್ನ ಕೈ ಹಿಡಿದು, "ನಂಗೂ ಕಾಗೆ ಮುಟ್ನಿಲ್ಲ ಅಂದ್ರೆ ನೀನೇ ಕೇಳು ಮಗ. ನಿಂಗೆ ಅವುಗಳ ಮಾತು ಬತ್ತದೆ," ಎಂದಿದ್ದರು.

ಮತ್ತೆ ಅದೇ ನರಸೀಪುರ, ಅದೇ ಮೆಟ್ಟಿಲು. ನಂಜನಗೂಡಿನಿಂದ ಬಸ್ಸಿನಲ್ಲಿ ಅಷ್ಟು ದೂರ. ಇಲ್ಲಿನ ಕಾಗೆಗಳಿಗೆ ನನ್ನ ಗುರುತೇನು ಎಂಬ ಧೈರ್ಯದಲ್ಲಿ ಮೊರ ತಂದಿರಲಿಲ್ಲ. ಕೂಳಿಟ್ಟು ಸರಿದೆವು. ಅರಳಿಮರ ತುಂಬ ಕಾಗೆ. ಒಂದೂ ಇಳಿಯಲಿಲ್ಲ. ಯಜಮಾನರು ಮಾತು ಕೊಟ್ಟರು, ಮೈದುನ ಕೊಟ್ಟ, ನಾದಿನಿ ಅತ್ತಳು. ನಾನು ಮರದ ಕಡೆ ನೋಡಿದೆ. ಅವುಗಳ ಕತ್ತೆಲ್ಲ ಒಂದೇ ಕಡೆ ಓರೆಯಾಗಿತ್ತು. ಎಲೆಯ ಕಡೆಗಲ್ಲ.

ನಾನು ಎಲೆಯ ಹತ್ತಿರ ಬಗ್ಗಿ, "ಅತ್ತೆಮ್ಮ, ಅವತ್ತು ಅದಕ್ಕೆ ನಾನು ಕೂಳು ಹಾಕಿರಲಿಲ್ಲ. ನೀರೂ ಇಟ್ಟಿರಲಿಲ್ಲ," ಎಂದೆ.

ಪಕ್ಕದಲ್ಲಿದ್ದ ನಾದಿನಿ, "ಏನಂದ್ರಿ ಅತ್ತಿಗೆ?" ಎಂದಳು.

"ಏನಿಲ್ಲ, ಬೇಗ ಬನ್ನಿ ಅಂದೆ."

ಕಾಗೆಗಳು ಕದಲಲಿಲ್ಲ. ಪುರೋಹಿತರು ದರ್ಭೆ ಎತ್ತಿಕೊಂಡರು. ಹುಲ್ಲಿನ ಕಾಗೆಗೆ ಅತ್ತೆ ಏನನ್ನುತ್ತಿದ್ದರೆಂದು ನನಗೆ ಗೊತ್ತಿತ್ತು. "ಒಂದು ನಿಮಿಷ ತಾಳಿ," ಎಂದು ಅವರಿಗೆ ಹೇಳಿ, ಸೆರಗನ್ನು ಮುಖದ ತುಂಬ ಎಳೆದುಕೊಂಡು ಮೆಟ್ಟಿಲು ಹತ್ತಿದೆ. ಮೇಲೆ ಕಲ್ಲಿನ ಮಂಟಪವಿದೆ. ಅದರ ಕಂಬದ ಹಿಂದೆ, ಮರಕ್ಕೂ ಎಲೆಗೂ ಕಾಣದ ಕಡೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ಹತ್ತು ಎಣಿಸುವಷ್ಟರಲ್ಲಿ ರೆಕ್ಕೆಗಳ ಸದ್ದು ಕೇಳಿತು. ಒಂದೆರಡಲ್ಲ. ಮರವೇ ಕೆಳಗಿಳಿದ ಹಾಗೆ. ಆಮೇಲೆ ಮೈದುನನ ಕೂಗು: "ಮುಟ್ತು! ಮುಟ್ತು!"

ತಿರುಗಿ ನೋಡಬೇಕೆಂದು ಬಹಳ ಆಸೆಯಾಯಿತು. ನೋಡಲಿಲ್ಲ. ಎಲೆ ಪೂರ್ತಿ ಖಾಲಿಯಾಗಲಿ ಎಂದು ಕಾದೆ. ನಾನು ಇಳಿದು ಬಂದಾಗ ಪಾಯಸದ ಗುರುತೂ ಇರಲಿಲ್ಲ. ಯಜಮಾನರು ಕಣ್ಣೊರೆಸಿಕೊಳ್ಳುತ್ತ, "ಎಲ್ಲಿ ಹೋಗಿದ್ದೆ? ಅಮ್ಮ ಮುಟ್ಟಿದ್ದು ನೀನೊಬ್ಬಳೇ ನೋಡಲಿಲ್ಲವಲ್ಲ," ಎಂದರು.

ಈಗಲೂ ದಿನಾ ಮಧ್ಯಾಹ್ನ ಹಿತ್ತಲ ಗೋಡೆಯ ಮೇಲೆ ಒಂದು ಹಿಡಿ ಅನ್ನ, ಪಕ್ಕದಲ್ಲಿ ಒಂದು ಬಟ್ಟಲು ನೀರು ಇಡುತ್ತೇನೆ. ಇಟ್ಟು ನಿಲ್ಲುವುದಿಲ್ಲ. ಒಳಗೆ ಬಂದು ಬಾಗಿಲು ಹಾಕಿ, ಅಗುಳಿ ಸರಿಸಿ, ತಟ್ಟೆಯ ಮುಂದೆ ಕೂರುತ್ತೇನೆ. ಸ್ವಲ್ಪ ಹೊತ್ತಿಗೆ ಮಹಡಿಯ ತಗಡಿನ ಮೇಲೆ ಉಗುರಿನ ಸದ್ದಾಗುತ್ತದೆ, ನಾಲ್ಕು ಹೆಜ್ಜೆ. ಆಮೇಲೆ ಗಂಟಲು ಕೆರೆದುಕೊಂಡ ಹಾಗೆ ಒಂದು ಸದ್ದು. "ಇಟ್ಟಿದ್ದೀನಿ, ನೀರೂ ಇದೆ," ಎಂದು ಒಳಗಿನಿಂದಲೇ ಹೇಳಿ, ನನ್ನ ಮೊದಲ ತುತ್ತು ಎತ್ತುತ್ತೇನೆ.